ಕೆಚ್ಚಲಿಕ್ಕೆ ಎಳೆ ಉಳಿಯದಾಗ

ಶುಕ್ರವಾರ, ೧೪ ನವೆಂಬರ್ ೨೦೨೫. ಗಜೇಂದ್ರಗಡ.

ಅಣ್ಣನಿಗೆ ಹೃದಯಾಘಾತವಾಗಿ ಇನ್ನೂ ಒಂಬತ್ತು ದಿನ. ಸಂಜೆ ರೋಣದ ಕಾಲೇಜಿನಿಂದ ಬಂದು ನೋಡಿದರೆ ಅಣ್ಣ ಹೂವಪ್ಪ ಮಗ್ಗದ ಕುಣಿಗೆ ಇಳಿದು ಕೂತಿದ್ದ.

"ಡಾಕ್ಟರು ನರ ತೆರದಾರ, ರಕ್ತ ಹರೀಲಿಕ್ಕತ್ತೈತಿ. ಇನ್ನೇನು ತಡಾ?" ಎಂದ.

ತರಗತಿಯಲ್ಲಿ ಹೇಳುವುದನ್ನೇ ಹೇಳಿದೆ. ಹೃದಯವನ್ನು ದುಡಿಸುವ ಇಂಧನ ಎಟಿಪಿ; ಪ್ಯೂರಿನ್ ಎಂಬ ಅಣುವಿನ ಮೇಲೆ ಕಟ್ಟಿದ ನ್ಯೂಕ್ಲಿಯೊಟೈಡ್ ಅದು. ಯಕೃತ್ತು ಪ್ಯೂರಿನ್‌ಗಳನ್ನು ಬುಡದಿಂದ ಹೊಸದಾಗಿ, ಧಾರಾಳವಾಗಿ ಕಟ್ಟುತ್ತದೆ. ಹೃದಯದ ಕೋಶವೂ ಕಟ್ಟುತ್ತದೆ, ಆದರೆ ಬಹಳ ನಿಧಾನ. ಒಡೆದ ತುಣುಕುಗಳನ್ನೇ ಹಿಡಿದು ಮತ್ತೆ ಜೋಡಿಸಿಕೊಳ್ಳುವುದು ಅದರ ರೂಢಿ. ರಕ್ತ ನಿಂತಾಗ ಆ ತುಣುಕುಗಳೇ ಹೊರಗೆ ಸೋರಿಹೋಗುತ್ತವೆ. ರಕ್ತ ಮತ್ತೆ ಹರಿದರೂ ಎಲ್ಲವನ್ನೂ ಹೊಸದಾಗಿ ಕಟ್ಟಿಕೊಳ್ಳಲು ದಿನಗಳೇ ಬೇಕು.

"ಮಾಸ್ತರ, ನಿಮ್ಮ ಪಾಠಕ್ಕ ಹುಡುಗರು ನಿದ್ದಿ ಮಾಡ್ತಾರಂತ," ಎಂದರು ಅತ್ತಿಗೆ. "ಇವರಿಗೂ ಒಂದೀಟು ನಿದ್ದಿ ಬರೂಹಂಗ ಹೇಳ್ರಿ."

ಅಣ್ಣ ನಗಲಿಲ್ಲ. "ಅಂದ್ರ ಕೆಚ್ಚಾಕ ಹಳೇ ಎಳಿ ಉಳದಿಲ್ಲ ಅನ್ನು."

ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ಎಳೆಗಳ ಹಾಸು ಮುಗಿದಾಗ ನೇಕಾರರು ಅದರ ತುದಿಗಳನ್ನು ಬಾಚಣಿಗೆಯಂಥ ಹಣಿಗೆಯಲ್ಲೇ ಬಿಟ್ಟು, ಹೊಸ ಹಾಸಿನ ಎಳೆಗಳನ್ನು ಅವಕ್ಕೆ ಹೊಸೆದು ಕೆಚ್ಚುತ್ತಾರೆ. ಆ ತುದಿಗಳು ಉಚ್ಚಿಹೋದರೆ ಸಾವಿರಾರು ಎಳೆಗಳನ್ನು ಒಂದೊಂದಾಗಿ ಹೊಸದಾಗಿ ಪೋಣಿಸಬೇಕು.

"ಹೌದಣ್ಣಾ, ಅದೇ."

"ಇದನ್ನ ಮೊದಲ ಹೇಳಬಾರದೇನು? ಅಂಥಾ ಮಗ್ಗಕ್ಕ ಅವಸರ ಮಾಡಾಂವ ನೇಕಾರನ ಅಲ್ಲ."

ಮೇಲೆ ಬರಲು ಕೈ ಚಾಚಿದ. ಹಿಡಿದು ಎಳೆದೆ. ಅಷ್ಟಕ್ಕೇ ಏದುಸಿರು. ಚೇತರಿಸಿಕೊಳ್ಳುತ್ತಾನೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಅವನು ಮಂಚದ ಮೇಲೆ ಕೂತ ಮೇಲೂ ನಾನು ಆ ಕೈ ಬಿಡಲಿಲ್ಲ.