ಮೊದಲ ಮೊಳೆ

ಬೆಂಗಳೂರು
ಫೆಬ್ರವರಿ ಮೂವತ್ತು, 2191

ಜಲಜಾಕ್ಷಿ ಅಜ್ಜಿಯವರಿಗೆ, ನಿಮ್ಮ ಮರಿಮಗಳ ಮರಿಮಗಳು ಹೊನ್ನಾಂಬಿಕೆ ಮಾಡುವ ನಮಸ್ಕಾರಗಳು.

ತಾರೀಖು ನೋಡಿ, ಯಾರೋ ತಲೆಕೆಟ್ಟವರ ಕೆಲಸವೆಂದು ಈ ಕಾಗದವನ್ನು ಕಸದ ಬುಟ್ಟಿಗೆ ಹಾಕಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿದ್ದಾರೆ. ಪಾಪ, ಫೆಬ್ರವರಿಗೂ ಕೊನೆಗೆ ಮೂವತ್ತು ದಿನ ಸಿಕ್ಕಿತು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ, ಆದಷ್ಟು ಬಿಡಿಸಿ ಹೇಳುತ್ತೇನೆ. ಇದು ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಒಬ್ಬರಿಗೆ ಜನ್ಮದಲ್ಲಿ ಒಂದೇ ಕಾಗದ ಕಳಿಸಲು ಅವಕಾಶ. ಜನ ಸಾಮಾನ್ಯವಾಗಿ ಅಪ್ಪನಿಗೋ, ಕೈಬಿಟ್ಟು ಹೋದ ಪ್ರೀತಿಗೋ ಬರೆಯುತ್ತಾರೆ. ನಾನು ನಿಮ್ಮನ್ನು ಆರಿಸಿಕೊಂಡೆ. ನಿಮ್ಮನ್ನು ಅಜ್ಜಿ ಎನ್ನುತ್ತಿದ್ದೇನೆ, ಆದರೆ ಈ ಕಾಗದ ತಲುಪುವ ದಿನ ನಿಮ್ಮ ವಯಸ್ಸು ನನಗಿಂತ ಕಡಿಮೆ. ಆದ್ದರಿಂದ ನಾನು ಸ್ವಲ್ಪ ಜೋರಾಗಿ ಮಾತಾಡಿದರೆ ಬೇಸರ ಬೇಡ.

ನನಗೆ ಗೊತ್ತಿದೆ, ನೀವು ಇವತ್ತು ಬೆಳಿಗ್ಗೆ ಹನುಮಂತನಗರದ ಬ್ಲೌಸ್ ಅಂಗಡಿಗೆ ಬಾಗಿಲು ಹಾಕಿ, ಒಳ್ಳೆಯ ಸೀರೆ ಉಟ್ಟು, ಒಬ್ಬರೇ ಬಿಲ್ಡರ್ ಆಫೀಸಿಗೆ ಹೋಗಿದ್ದಿರಿ. ಸ್ವಂತ ದುಡಿಮೆಯಲ್ಲಿ ಒಂದು ಫ್ಲ್ಯಾಟು ಕೊಳ್ಳಬೇಕೆಂದು. ಅಲ್ಲಿದ್ದ ಮನುಷ್ಯ ಟೀ ಲೋಟ ನಿಮ್ಮ ಕಡೆ ತಳ್ಳಿ, "ಮೇಡಂ, ಮನೇಲಿ ಗಂಡಸರು ಯಾರಾದ್ರೂ ಇದ್ರೆ ಕರ್ಕೊಂಡ್ ಬನ್ನಿ, ರೇಟು ಅವರ ಹತ್ರ ಮಾತಾಡ್ತೀವಿ" ಅಂದ. ನೀವು ಟೀ ಮುಟ್ಟದೆ ಎದ್ದು ಬಂದಿರಿ. ಮುಂದೆ ಎಂದೋ ಒಂದು ದಿನ ಇದನ್ನು ಮಗಳಿಗೆ ಹೇಳುತ್ತೀರಿ, ಆಕೆ ತನ್ನ ಮಗಳಿಗೆ ಹೇಳುತ್ತಾಳೆ. ಹಾಗೆ ಬಾಯಿಂದ ಬಾಯಿಗೆ ಬಂದು ನನ್ನನ್ನು ಮುಟ್ಟಿತು. ಚಿಕ್ಕವಳಿದ್ದಾಗ ಇದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಆ ಟೀಯನ್ನು ಅವನ ಮೇಜಿನ ಮೇಲೆ ಸುರಿದು ಬರಬಾರದಿತ್ತೆ ನಮ್ಮಜ್ಜಿ ಎಂದುಕೊಳ್ಳುತ್ತಿದ್ದೆ.

ಅಂದಿನಿಂದ ಇಂದಿನವರೆಗೆ ನಮ್ಮ ಮನೆತನ ಬಾಡಿಗೆಯಲ್ಲೇ ಬದುಕಿತು. ನಮ್ಮ ಕಾಲದ ಬಾಡಿಗೆಗೆ ಸುತ್ತುಬಾಡಿಗೆ ಎನ್ನುತ್ತಾರೆ. ಒಂದೇ ಮನೆಯಲ್ಲಿ ಬಾಡಿಗೆದಾರರು ಬೇರೂರಬಾರದೆಂದು ಪ್ರತಿ ಯುಗಾದಿಗೆ ಎಲ್ಲರನ್ನೂ ಬೇರೆ ಮನೆಗೆ ಕಳಿಸುತ್ತಾರೆ. ಬೇವು ಬೆಲ್ಲ ತಿಂದ ಕೈಯಲ್ಲೇ ಪಾತ್ರೆ ಕಟ್ಟಬೇಕು. ಉಳಿದಂತೆ ಊರು ಚೆನ್ನಾಗಿದೆ. ಕೆರೆಗಳು ವಾಪಸ್ಸು ಬಂದಿವೆ, ಕೆರೆಬಸ್ಸು ಹತ್ತಿದರೆ ನೀರಿನ ಮೇಲೇ ಮೆಜೆಸ್ಟಿಕ್ಕಿಗೆ ಹೋಗಬಹುದು. ಟ್ರಾಫಿಕ್ಕಿನ ಸುದ್ದಿ ಮಾತ್ರ ಕೇಳಬೇಡಿ, ಈಗ ಅದು ಆಕಾಶದಲ್ಲೂ ಇದೆ. ಬಿಸಿಲು ತಡೆಯಲಾಗದೆ ಬೀದಿಗಳ ಮೇಲೆ ಈ ಕಡೆಯ ಮಹಡಿಯಿಂದ ಆ ಕಡೆಯ ಮಹಡಿಗೆ ನೆರಳುಬಟ್ಟೆ ಕಟ್ಟುತ್ತಾರೆ, ಅದನ್ನು ಹೊಲಿಯುವುದು ನನ್ನ ಕೆಲಸ. ಸೂಜಿ ನಮ್ಮ ವಂಶವನ್ನು ಬಿಟ್ಟಿಲ್ಲ, ನೋಡಿ. ದೋಸೆಯೂ ಇದೆ, ಚಟ್ನಿ ಮೊದಲಿನಷ್ಟು ಹಾಕುವುದಿಲ್ಲ ಎಂಬ ಗೊಣಗಾಟವೂ ಇದೆ. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯಬಾರದೆಂಬ ನಿಮ್ಮ ಕಾಲದ ಓನರುಗಳ ಕಟ್ಟಪ್ಪಣೆಯಂತೂ ಒಂದಿಷ್ಟೂ ಬದಲಾಗಿಲ್ಲ. ನಿಮ್ಮದೊಂದು ಫೋಟೋ ನಮ್ಮಲ್ಲಿದೆ. ತೂಗುಹಾಕಲು ಮೊಳೆಯಿಲ್ಲದೆ, ನೀವು ಇಷ್ಟು ಕಾಲವೂ ಒಂದಲ್ಲ ಒಂದು ಕಪಾಟಿನ ಮೇಲೆ, ಡಬ್ಬಗಳ ನಡುವೆ, ಗೋಡೆಗೆ ಒರಗಿಕೊಂಡೇ ನಿಂತಿದ್ದೀರಿ.

ನನ್ನ ಮಗಳು ಚಿಗುರು ಈ ವರ್ಷ ಹಟ ಹಿಡಿದಳು. "ಅಮ್ಮ, ಈ ಸಲ ನಾನು ಬರಲ್ಲ, ಗೆಳತೀರು ಮಾಡ್ಕೊಳೋದು, ಬಿಡೋದು, ಇದೇ ಆಯ್ತು" ಎಂದು ಅತ್ತಳು. ಎಷ್ಟಾದರೂ ಮಗು ಹೇಳುವುದು ನಿಜ. ಯುಗಾದಿಯೊಳಗೆ ಸ್ವಂತದ್ದೊಂದು ಫ್ಲ್ಯಾಟು ಕೊಳ್ಳಲೇಬೇಕೆಂದು ನಿರ್ಧರಿಸಿದೆ. ನನ್ನ ಕೈಗೆ ಎಟುಕುವ ಬೆಲೆಯಲ್ಲಿ ಇದ್ದದ್ದು ಒಂದೇ, ಪುಟ್ಟಸ್ವಾಮಯ್ಯನವರದು. ನಾಲ್ಕನೇ ಮಹಡಿ, ಬಾಲ್ಕನಿಯಿಂದ ಚಿಗುರುವಿನ ಶಾಲೆ ಕಾಣುತ್ತದೆ. ಅದು ತಪ್ಪಿದರೆ ಮತ್ತೆ ಗಂಟುಮೂಟೆಯೇ ಗತಿ.

ಈಗ ಮನೆ ಕೊಳ್ಳುವ ಪದ್ಧತಿ ಹೇಳುತ್ತೇನೆ, ನಗಬೇಡಿ. ನೀವು ಮನೆ ಕೊಂಡ ಮೇಲೆ ಹಾಲು ಉಕ್ಕಿಸುತ್ತೀರಿ. ನಾವು ಕೊಳ್ಳುವ ಮೊದಲೇ, ಮಾರುವವರ ಅಡುಗೆಮನೆಯಲ್ಲಿ, ಅಕ್ಕಪಕ್ಕದವರನ್ನು ಸಾಕ್ಷಿಗೆ ಕೂರಿಸಿಕೊಂಡು ಉಕ್ಕಿಸುತ್ತೇವೆ. ಇದಕ್ಕೆ ಹಾಲುಮಾತು ಎಂದು ಹೆಸರು. ಹಾಲು ಒಲೆಯ ಮೇಲಿರುವಷ್ಟು ಹೊತ್ತು ಚೌಕಾಶಿ. ಒಬ್ಬರು ಮಾತು ಮುಗಿಸುವ ತನಕ ಇನ್ನೊಬ್ಬರು ಬಾಯಿ ತೆರೆಯುವಂತಿಲ್ಲ. ಹಾಲು ಉಕ್ಕಿತೆಂದರೆ, ಕೊನೆಗೆ ಹೇಳಿದ ಬೆಲೆಯೇ ಬೆಲೆ. ಅದನ್ನು ಕೊಡಲಾಗದವರು ಎದ್ದು ಹೋಗಬಹುದು, ಆದರೆ ಮತ್ತೆ ಆ ಮನೆಯ ಮಾತೆತ್ತುವಂತಿಲ್ಲ. ಉಕ್ಕುವ ಮೊದಲೇ ಯಾರ ಕಡೆಯವರಾದರೂ ಉರಿ ತಗ್ಗಿಸಿದರೆ, ಅವರು ಸೋತ ಹಾಗೆ. ಎದುರಿನವರು ಹೇಳಿದ ಬೆಲೆಗೆ ತಲೆಯಾಡಿಸಬೇಕು.

ನಾನು ದಪ್ಪ ತಳದ ದೊಡ್ಡ ಪಾತ್ರೆ ತುಂಬ ತಣ್ಣನೆಯ ಎಮ್ಮೆ ಹಾಲು ತೆಗೆದುಕೊಂಡು ಹೋದೆ, ಬೇಗ ಕಾಯಬಾರದಲ್ಲ! ಪುಟ್ಟಸ್ವಾಮಯ್ಯ ಪಾತ್ರೆ ನೋಡಿ ನಕ್ಕು, ಒಲೆಯನ್ನು ಪೂರ್ತಿ ಹಚ್ಚಿದರು. ಆಸಾಮಿ ಸಾಮಾನ್ಯರಲ್ಲ. ಮೊದಲ ಮಾತೇ, "ಅಲ್ಲಮ್ಮಾ, ನಿಮ್ ಕಡೆಯಿಂದ ಗಂಡಸರು ಯಾರೂ ಬರ್ಲಿಲ್ವಾ?"

ಅಜ್ಜಿ, ನಾನು ಬೆವರಲಿಲ್ಲ. ಅದೇ ಪ್ರಶ್ನೆ ಇಷ್ಟು ಕಾಲ ದಾಟಿ ನನ್ನ ಮುಂದೆ ಬಂದು ಕೂತಿದೆಯಲ್ಲ ಎಂದು ಒಳಗೊಳಗೇ ನಗು ಬಂತು. "ಬೆಲೆ ಮಾತಾಡೋಕೆ ನಾನ್ ಬಂದಿದೀನಿ. ಹಾಲು ಕಾಯ್ತಾ ಇದೆ, ನೀವು ಶುರು ಮಾಡಿ" ಅಂದೆ. ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಗೌರಾಂಬ ಸೆರಗಿನಿಂದ ಬಾಯಿ ಒರೆಸಿಕೊಂಡರು. ನಕ್ಕರೋ ಏನೋ, ಕಾಣಲಿಲ್ಲ.

ಅವರೊಂದು ಹೇಳಿದರು, ನಾನೊಂದು ಹೇಳಿದೆ. ಅವರು ಸ್ವಲ್ಪ ಇಳಿದರು, ನಾನು ಸ್ವಲ್ಪ ಏರಿದೆ. ಇನ್ನೇನು ಹತ್ತಿರ ಬಂದೆವು ಎನ್ನುವಾಗ ಅವರು ಥಟ್ಟನೆ ಮೊದಲಿನ ಬೆಲೆಗೇ ಹಾರಿ, "ಯಾಕೆ ಅಂತ ಕೇಳಿ" ಎಂದು ಕಥೆ ಶುರು ಮಾಡಿದರು. ಈ ಮನೆಯ ಕಿಟಕಿಗೆ ಮರ ಎಲ್ಲಿಂದ ತಂದದ್ದು, ಬಡಗಿ ಎಷ್ಟು ಕಾಫಿ ಕುಡಿದ, ಬಡಗಿಯ ಭಾವಮೈದುನನ ಮದುವೆ ಏಕೆ ಮುರಿಯಿತು. ಕಥೆ ಮುಗಿಯುವ ಲಕ್ಷಣವೇ ಇಲ್ಲ, ನಾನು ಬಾಯಿ ಬಿಡುವಂತಿಲ್ಲ. ಹಾಲಿನ ಅಂಚಿನಲ್ಲಿ ನೊರೆ ಕಟ್ಟಿತು. ಕೆನೆ ಮೇಲೆದ್ದು ಪಾತ್ರೆಯ ಕುತ್ತಿಗೆಗೆ ಬಂತು. ಆ ಬೆಲೆ ನನ್ನಿಂದ ಆಗದ ಮಾತು. ಆಗ, ನಿಜ ಹೇಳುತ್ತೇನೆ, ಗಂಟುಮೂಟೆ ಕಟ್ಟುವುದೇ ನೆನಪಾಯಿತು. ಚಿಗುರುವಿನ ಮುಖ ಕಣ್ಣ ಮುಂದೆ ಬಂತು. ಆದರೂ ಏಳಲಿಲ್ಲ, ಕಣ್ಣು ಕೆಳಗೆ ಹಾಕಲಿಲ್ಲ. ನೇರ ಅವರನ್ನೇ ನೋಡುತ್ತ ಕೂತೆ.

ಹಾಲು ಇನ್ನೇನು ಅಂಚು ದಾಟಬೇಕು, ಗೌರಾಂಬನವರ ಕೈ ಮುಂದೆ ಬಂದು ಒಲೆಯ ಕಿವಿ ತಿರುಗಿಸಿ ಉರಿ ತಗ್ಗಿಸಿತು. ಹಾಲು ಪೆಚ್ಚಾಗಿ ಕೆಳಗಿಳಿಯಿತು. ಬಡಗಿಯ ಭಾವಮೈದುನ ಅಲ್ಲೇ ನಿಂತ. ಸಾಕ್ಷಿಗೆ ಕೂತವರೆಲ್ಲ ಹೋ ಎಂದರು.

"ಏನೇ ಮಾಡ್ದೆ ನೀನು!" ಎಂದು ಪುಟ್ಟಸ್ವಾಮಯ್ಯ ಕೂಗಿದರು.

"ಅಯ್ಯೋ, ಕೈ ತಾನಾಗೇ ಹೋಯ್ತು ಕಣ್ರೀ. ಜೀವಮಾನವೆಲ್ಲ ಹಾಲು ಉಕ್ಕದ ಹಾಗೆ ನೋಡ್ಕೊಂಡಿರೋ ಕೈ ಅಲ್ವಾ ಇದು? ಉಕ್ಕಿದ್ರೆ ಒಲೆ ಉಜ್ಜೋಳು ನಾನು ತಾನೆ?" ಎಂದರು ಗೌರಾಂಬ. ಆಮೇಲೆ ನನ್ನ ಕಡೆ ತಿರುಗಿ, "ಹೇಳಮ್ಮ, ನಿನ್ ಬೆಲೆ ಹೇಳು" ಎಂದರು.

ಅಭ್ಯಾಸದ ಕೈಯೋ, ಬೇಕೆಂದೇ ಚಾಚಿದ ಕೈಯೋ, ನಾನು ಕೇಳಲಿಲ್ಲ. ಅಂಥದ್ದನ್ನು ಕೇಳಬಾರದು. ನಾನು ಪುಕ್ಕಟೆಗೆ ಕೇಳಬಹುದಿತ್ತು, ಕೇಳಲಿಲ್ಲ. ಮನೆಗೆ ಯೋಗ್ಯವಾದ, ನನ್ನಿಂದ ಆಗುವ ಬೆಲೆಯನ್ನು ಗಟ್ಟಿಯಾಗಿ ಹೇಳಿದೆ. ಪುಟ್ಟಸ್ವಾಮಯ್ಯನವರ ಮುಖ ಸಡಿಲವಾಯಿತು, ತಲೆಯಾಡಿಸಿದರು. ಮತ್ತೆ ಉರಿ ದೊಡ್ಡದು ಮಾಡಿ ಹಾಲು ಉಕ್ಕಿಸಿ, ಸಕ್ಕರೆ ಹಾಕಿ, ಎಲ್ಲರೂ ಕುಡಿದೆವು. ಪಾಪ, ಬಡಗಿಯ ಕಥೆಯನ್ನೂ ಪೂರ್ತಿ ಕೇಳಿಸಿಕೊಂಡೆ.

ಫ್ಲ್ಯಾಟು ನಮ್ಮದಾಯಿತು, ಅಜ್ಜಿ. ಯುಗಾದಿಗೆ ನಾವು ಎಲ್ಲಿಗೂ ಹೋಗುವುದಿಲ್ಲ. ನೆನ್ನೆ ಒಳಗೆ ಕಾಲಿಟ್ಟವಳು ಪಾತ್ರೆ ಬಿಚ್ಚಲಿಲ್ಲ, ಹಾಸಿಗೆ ಬಿಚ್ಚಲಿಲ್ಲ. ಸುತ್ತಿಗೆ ತಂದು ನಡುಮನೆಯ ಗೋಡೆಗೆ ಒಂದು ಮೊಳೆ ಹೊಡೆದೆ. ಯಾರನ್ನೂ ಕೇಳಲಿಲ್ಲ. ಆ ಸದ್ದಿಗೆ ನನಗೆ ಅಳು ಬಂತು. ಚಿಗುರು ಸ್ಟೂಲು ಹತ್ತಿ ನಿಮ್ಮನ್ನು ಅದಕ್ಕೆ ತೂಗುಹಾಕಿದಳು. ಹಾರ ಹಾಕಿಲ್ಲ, ಹೆದರಬೇಡಿ.

ನಾಳೆ ಮತ್ತೆ ಆ ಆಫೀಸಿಗೆ ಹೋಗಿ ಜಗಳ ತೆಗೆಯಿರಿ ಎಂದು ಹೇಳಲು ನಾನು ಬರೆದದ್ದಲ್ಲ. ಎದ್ದು ಬಂದದ್ದಕ್ಕೆ ನಾಚಿಕೊಳ್ಳಬೇಡಿ. ಅಲ್ಲಿ ಕೊಡದೆ ಉಳಿದ ಉತ್ತರವನ್ನು ನಾನು ಕೊಟ್ಟು ಬಂದಿದ್ದೇನೆ. ಇವತ್ತು ರಾತ್ರಿ ಹೊಟ್ಟೆ ತುಂಬ ಊಟ ಮಾಡಿ ಮಲಗಿ.

ಒಂದೇ ಒಂದು ಬೇಡಿಕೆ. ಗೋಡೆಯ ಮೇಲಿನ ಫೋಟೋದಲ್ಲಿ ನೀವು ಮುಖ ಗಂಟಿಕ್ಕಿಕೊಂಡಿದ್ದೀರಿ. ಪ್ರಾಯಶಃ ಈ ವಾರದಲ್ಲೇ ಯಾವುದಕ್ಕೋ ತೆಗೆಸಿದ್ದಿರಬೇಕು. ದಯವಿಟ್ಟು ಆ ಒಳ್ಳೆಯ ಸೀರೆಯನ್ನೇ ಉಟ್ಟು ಸ್ಟುಡಿಯೋಗೆ ಹೋಗಿ, ಇನ್ನೊಂದು ಫೋಟೋ ತೆಗೆಸಿಕೊಳ್ಳಿ. ಈ ಸಲ ನಗುತ್ತ. ಅದನ್ನು ಮಗಳ ಕೈಗೆ ಕೊಟ್ಟಿಡಿ, ನನಗೆ ಬಂದು ತಲುಪುತ್ತದೆ. ಅದಕ್ಕೂ ಪಕ್ಕದಲ್ಲೇ ಒಂದು ಮೊಳೆ ಹೊಡೆದು ಕಾಯುತ್ತಿದ್ದೇನೆ.

ನಿಮ್ಮ,
ಹೊನ್ನಾಂಬಿಕೆ
ನಾಲ್ಕನೇ ಮಹಡಿ, ಸ್ವಂತ ಮನೆ