ಉತ್ತರದ ಗೋಡೆಗೆ ಬಾಗಿಲಿಲ್ಲ

ಕೋಟೆಯ ದುರಸ್ತಿ ಕೊಠಡಿ,
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಣ್ಣನಿಗೆ,

ಕ್ಷೇಮವೇ? ದಿನವಿಡೀ ಪರದೆ ನೋಡಿ ಕಣ್ಣು ಉರಿಯುತ್ತದೆ ಎಂದು ನೀನು ಬರೆದಿದ್ದೆ. ಈಗ ಹೇಗಿದೆ? ಅತ್ತಿಗೆಯ ಮಂಡಿನೋವು ಕಡಿಮೆಯಾಯಿತೇ? ನನ್ನ ಮಣಿಕಟ್ಟು ಉಳುಕಿ ಪಟ್ಟಿ ಕಟ್ಟಿದ್ದಾರೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೆ ಕಾರಣ ನೀನೇ.

ನಮ್ಮ ಕೋಟೆಯನ್ನು ನೀನು ಚಿತ್ರಿಸಿಕೊಟ್ಟ ಆ ವಿಡಿಯೋ ಗೇಮಿನ ಮೂರೂ ಭಾಗಗಳನ್ನು ಇಲ್ಲಿ ಟಿಕೆಟ್ ಕೊಡುವಾಕೆ ಊಟದ ಬಿಡುವಿನಲ್ಲಿ ಆಡಿ ತೋರಿಸಿದಳು. ಮೊದಲನೆಯದರಲ್ಲಿ ಕೋಟೆ ಕೊಲೆಗಡುಕರ ಬೀಡು, ಎರಡನೆಯದರಲ್ಲಿ ಸುಟ್ಟು ಕರಕಲು, ಮೂರನೆಯದರಲ್ಲಿ ನಿಧಿಗಳ್ಳರು ಅಗೆಯುವ ಹಾಳು ಕೊಂಪೆ. ಎಂಟುನೂರು ವರ್ಷಗಳಲ್ಲಿ ಯಾವ ಶತ್ರುವಿಗೂ ಆಗದ್ದನ್ನು ನೀವು ತಿರುಗುಕುರ್ಚಿಯಲ್ಲಿ ಕೂತು ಮಾಡಿ ಮುಗಿಸಿದ್ದೀರಿ. ಗೋಪುರಗಳನ್ನು ಇಮ್ಮಡಿ ಎತ್ತರ ಮಾಡಿದ್ದೀಯ. ಇರಲಿ, ಚಿಕ್ಕಂದಿನಿಂದಲೂ ನಿನ್ನ ಮಾತು ಇದ್ದದ್ದಕ್ಕಿಂತ ಇಮ್ಮಡಿಯೇ. ಆದರೆ ಅಷ್ಟು ದೊಡ್ಡ ಕೋಟೆಯಲ್ಲಿ ಒಂದೇ ಒಂದು ಕಕ್ಕಸಿಲ್ಲ. ನಿಜವಾದದ್ದರಲ್ಲಿ ನಾಲ್ಕಿವೆ, ನೀನೇ ಎಣಿಸಿದ್ದೆ. ನಿಮ್ಮ ಕೊಲೆಗಡುಕರು ಮೂರು ಭಾಗಗಳುದ್ದಕ್ಕೂ ತಡೆದುಕೊಂಡಿದ್ದಾರೆಂದು ಕಾಣುತ್ತದೆ.

ಉತ್ತರದ ಗೋಡೆಯ ವಿಷಯ ಮಾತ್ರ ನಾನು ಕ್ಷಮಿಸಲಾರೆ. ಅದರ ಗಾರೆ ಹಿಟ್ಟಿನಂತೆ ಉದುರುವುದು ನಿನಗೆ ಗೊತ್ತಿತ್ತು, ನನ್ನ ಜೊತೆ ನಿಂತು ಅಳೆದವನು ನೀನು. ಆದರೂ ನಿಮ್ಮ ನಾಯಕ ಅಲ್ಲೇ ಹತ್ತಬೇಕು, ಮೇಲೆ ಗುಪ್ತ ಬಾಗಿಲು ಸಿಗಬೇಕು. ಈಗ ಬಂದವರೆಲ್ಲ ನನ್ನನ್ನು ಕೇಳುವುದು ಒಂದೇ, "ಆ ಬಾಗಿಲು ಎಲ್ಲಿದೆ?" ಇಲ್ಲ ಎಂದರೆ, ನಾನೇ ಸೆರಗಿನಲ್ಲಿ ಬಚ್ಚಿಟ್ಟುಕೊಂಡಿದ್ದೇನೆ ಎಂಬಂತೆ ನೋಡುತ್ತಾರೆ.

ಹೋದ ಗುರುವಾರ ಬೆಳಿಗ್ಗೆ ಒಬ್ಬ ದಂತವೈದ್ಯ ಬೇಲಿ ದಾಟಿ ಹತ್ತಿಯೇಬಿಟ್ಟ. ಎರಡಾಳು ಎತ್ತರದಲ್ಲಿ ಹಿಡಿದ ಕಲ್ಲು ಕೈಗೇ ಬಂತು. ಪಕ್ಕದಲ್ಲಿ ಬೊಂಬು ಕಟ್ಟಿದ ಸಾರುವೆಯ ಮೇಲೆ ನಿಂತು ನಾನು ಗಾರೆ ಮೆತ್ತುತ್ತಿದ್ದೆ. ಬಗ್ಗಿ ಅವನ ಬೆಲ್ಟು ಹಿಡಿದೆ. ಆತ ಸಣ್ಣ ಆಳಲ್ಲ, ಮಣಿಕಟ್ಟಿನೊಳಗೆ ಏನೋ ಲಟಕ್ ಎಂದಿತು. ಟಿಕೆಟಿನಾಕೆ ಏಣಿ ತರುವವರೆಗೂ ಬಿಡಲಿಲ್ಲ. ಇಳಿದು, ನೀರು ಕುಡಿದು, ಆತ ಆಡಿದ ಮೊದಲ ಮಾತು, "ಗೇಮಲ್ಲಿ ಈ ಕಲ್ಲು ಗಟ್ಟಿಯಾಗಿತ್ತಲ್ರೀ." ಬಯ್ಯಲೂ ಮನಸ್ಸಾಗಲಿಲ್ಲ. ಅವನು ನಂಬಿದ್ದು ನಿನ್ನನ್ನು.

ಆ ಭಾಗವನ್ನು ಈಗ ಮುಚ್ಚಿದ್ದೇವೆ. ಬಿದ್ದ ಕಲ್ಲನ್ನು ಕೈ ಸರಿಹೋದ ಮೇಲೆ ನಾನೇ ಕೂರಿಸುತ್ತೇನೆ. ನೀನು ಅಲ್ಲಿ ಕೂತು ಇನ್ನೊಮ್ಮೆ ಬೀಳಿಸು.

ಕಣ್ಣಿಗೆ ಆಗಾಗ ತಣ್ಣೀರು ಹಾಕಿಕೋ. ಅತ್ತಿಗೆಗೆ ನನ್ನ ನೆನಪು ತಿಳಿಸು. ನಿನಗೆ ತಿಳಿಸುವಂಥದ್ದು ಸದ್ಯಕ್ಕೆ ಏನೂ ಉಳಿದಿಲ್ಲ.

ಇಂತಿ,
ನಿನ್ನ ಮೊಂಡು ತಂಗಿ

ಇದೊಂದು ಬರೆಯದೆ ಲಕೋಟೆ ಅಂಟಿಸಲಾಗಲಿಲ್ಲ. ಮೂರನೆಯ ಭಾಗದಲ್ಲಿ ಕೆಳಗಿನ ಅಂಗಳದ ಮೂಲೆಯಲ್ಲಿ ಒಬ್ಬ ಮುದುಕ ಕಲ್ಲು ಕೆತ್ತುತ್ತಾನೆ. ಆಡುವವರು ಯಾರೂ ಅವನ ಹತ್ತಿರ ನಿಲ್ಲುವುದಿಲ್ಲವಂತೆ. ನಾನು ನಿಂತೆ. ಪುಡಿ ಊದುವ ಮುನ್ನ ಎರಡೂ ಕಣ್ಣು ಬಿಗಿಯಾಗಿ ಮುಚ್ಚುತ್ತಾನೆ, ಥೇಟ್ ಅಪ್ಪ. ಅಪ್ಪ ಹೋಗಿ ಆರು ವರ್ಷವಾಯಿತು. ಈಗ ದಿನಾ ಊಟದ ಬಿಡುವಿನಲ್ಲಿ ಹೋಗಿ ನೋಡಿ ಬರುತ್ತೇನೆ. ಆದರೆ ಸುತ್ತಿಗೆಯನ್ನು ಬಲಗೈಗೆ ಕೊಟ್ಟಿದ್ದೀಯ. ಅಪ್ಪ ಎಡಚರು ಕಣೋ. ನಾಲ್ಕನೆಯ ಭಾಗದಲ್ಲಿ ಸರಿಮಾಡು. ಅವರನ್ನು ಮಾತ್ರ ಅಲ್ಲಿಂದ ಎಬ್ಬಿಸಬೇಡ.