ನಾಲ್ಕು ಮಿಲಿಮೀಟರ್ ಆಚೆ

ಗೆಳತಿ,

ಇದನ್ನು ಹೇಳದೇ ಬಿಡುವವಳಿದ್ದೆ. ನನ್ನ ಪತ್ರಗಳನ್ನು ನೀನು ಒಡೆಯುವುದೂ ಇಲ್ಲ.

ಇಂದು ನಮ್ಮ ಹಳೆಯ ಪ್ರಯೋಗವನ್ನು ಒಬ್ಬಳೇ ಮತ್ತೆ ಮಾಡಿದೆ. ಕ್ಷಣಾರ್ಧಕ್ಕಿಂತ ಎಷ್ಟೋ ಚಿಕ್ಕದಾದ ವಿದ್ಯುತ್ಕಾಂತೀಯ ಮಿಡಿತಗಳನ್ನು ಇಲಿಯ ಕ್ಯಾನ್ಸರ್ ಗೆಡ್ಡೆಯ ಮೇಲೆ ಕೇಂದ್ರೀಕರಿಸಿದೆ. ಸಾಯಬೇಕಿದ್ದ ಗೆಡ್ಡೆಗೆ ಏನೂ ಆಗಲಿಲ್ಲ. ಪಕ್ಕದ ಒಳ್ಳೆಯ ಅಂಗಾಂಶ ಸತ್ತಿತ್ತು. ಮೊದಲು ಉಪ್ಪುನೀರಿನಲ್ಲಿ ಪರೀಕ್ಷಿಸಿ ಹೊಂದಿಸಿದ್ದ ಯಂತ್ರದ ಗುರಿ ಮಾಂಸದೊಳಗೆ ನಾಲ್ಕು ಮಿಲಿಮೀಟರ್ ಜಾರಿತ್ತು.

“ಅವತ್ತೂ ಹೀಗೇ ಆಗಿತ್ತಲ್ಲ ಮೇಡಂ,” ಎಂದರು ನಮ್ಮ ಟೆಕ್ನಿಷಿಯನ್. “ನಿಮ್ಮ ಫ್ರೆಂಡು ಆ ರಿಸಲ್ಟ್ ಬರೆದಿದ್ದ ಹಾಳೆ ಹರಿದು, ‘ಅವಳಿಗೆ ಹೇಳ್ಬೇಡಿ, ಸುಮ್ನೆ ತಲೆ ಕೆಡಿಸ್ಕೋತಾಳೆ’ ಅಂದ್ರು.”

ನಿನ್ನ ಮಾತೊಂದನ್ನೇ ನಂಬಿ, ಯಂತ್ರದ ಗುರಿ ತಪ್ಪುವುದಿಲ್ಲ ಎಂದ ನಮ್ಮ ಪ್ರಬಂಧಕ್ಕೆ ಸಹಿ ಹಾಕಿದೆನಲ್ಲ, ಅದು ನಂಬಿಕೆಯೋ ಸೋಮಾರಿತನವೋ?

ಇದೇ ಯಂತ್ರದಿಂದ ಮೊದಲ ರೋಗಿಗೆ ಜೂನ್ ಹನ್ನೆರಡಕ್ಕೆ ಚಿಕಿತ್ಸೆ. ಒಂಬತ್ತಕ್ಕೆ ಚಿಕಿತ್ಸೆಗೆ ಅನುಮತಿ ಕೊಡುವ ಸಮಿತಿಯ ಮುಂದೆ ನಿಂತು ಅದನ್ನು ನಿಲ್ಲಿಸುತ್ತೇನೆ. ನಮ್ಮಿಬ್ಬರ ಹೆಸರೂ ಹೇಳುತ್ತೇನೆ. ಈ ಸಲ ನೀನು ಒಡೆದು ಓದಿದರೂ ತಡೆಯಲಾಗದಂತೆ, ಇದನ್ನು ಅಂಚೆಗೆ ಹಾಕುವುದು ಮರುದಿನ, ಜೂನ್ ಹತ್ತಕ್ಕೆ.